ಐದು ತಾಲೂಕು, ನಾಲ್ಕು ಗ್ರಂಥಿ

ನಿಪ್ಪಾಣಿ ಬಸ್‌ಸ್ಟ್ಯಾಂಡಿನಿಂದ ಪೇಟೆಯ ಕಡೆ ನಡೆದರೆ ಔಷಧಿ ಅಂಗಡಿಗಳ ನಡುನಡುವೆ ಲ್ಯಾಬುಗಳ ಬೋರ್ಡು ಎದುರಾಗುತ್ತವೆ. ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ, ಹಲವು ಎರಡರಲ್ಲೂ. ಶುಗರ್, ಥೈರಾಯ್ಡ್, ಕಿಡ್ನಿ, ಲಿವರ್, ಡೆಂಗಿ, ವಿಟಮಿನ್ ಡಿ. ಎಲ್ಲ ಸೇರಿದ 'ಫುಲ್ ಬಾಡಿ' ಪ್ಯಾಕೇಜಿಗೆ ರಿಯಾಯಿತಿ ಬೇರೆ. ಥೈರಾಯ್ಡ್ ಎಂಬ ಹೆಸರು ಇವತ್ತು ಇಲ್ಲಿ ಬೀಡಿ ಕಟ್ಟುವ ಹೆಂಗಸಿಗೂ ಗೊತ್ತು. ಅದರ ಬೆನ್ನಿಗೇ ಅಂಟಿಕೊಂಡಿರುವ, ಹೆಸರನ್ನೂ ಅದರಿಂದಲೇ ಕಡ ತಂದಿರುವ ಪ್ಯಾರಾಥೈರಾಯ್ಡ್ ಮಾತ್ರ ನನ್ನ ಕಣ್ಣಿಗೆ ಬಿದ್ದ ಯಾವ ಬೋರ್ಡಿನ ಮೇಲೂ ಇರಲಿಲ್ಲ.

ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆ ಮಹಾರಾಷ್ಟ್ರಕ್ಕೆ ತಾಗುವ ಉತ್ತರದ ಪಟ್ಟಿ ಇದು. ಇಲ್ಲಿಗೆ ಬಂದವರು ನೋಡುವುದು ತಂಬಾಕು, ಕಬ್ಬು, ಕೃಷ್ಣೆ ಮತ್ತು ಸಕ್ಕರೆ ಕಾರ್ಖಾನೆಯ ಚಿಮಣಿ. ನಾನು ಹೊರಟದ್ದು ಬೇರೆ ಲೆಕ್ಕಕ್ಕೆ. ಕೊರಳೊಳಗಿನ ನಾಲ್ಕು ಪುಟ್ಟ ಗ್ರಂಥಿಗಳು ಕೆಟ್ಟರೆ ಈ ಪಟ್ಟಿಯ ರೋಗಿಯೊಬ್ಬ ಎಲ್ಲೆಲ್ಲಿ ಅಲೆಯುತ್ತಾನೆ, ಯಾವ ಊರಲ್ಲಿ ರೋಗ ಕೈಗೆ ಸಿಗುತ್ತದೆ, ಯಾವ ಊರಲ್ಲಿ ಕೈತಪ್ಪುತ್ತದೆ ಎಂದು ಅದೇ ದಾರಿಯಲ್ಲಿ ಹೋಗಿ ನೋಡಬೇಕಿತ್ತು.

ಒಂದೊಂದು ಗ್ರಂಥಿಯೂ ತೊಗರಿಬೇಳೆಯಷ್ಟು. ತೂಕ 30ರಿಂದ 50 ಮಿಲಿಗ್ರಾಂ. ಸಾಮಾನ್ಯವಾಗಿ ನಾಲ್ಕು, ಕೆಲವರಲ್ಲಿ ಮೂರು, ಕೆಲವರಲ್ಲಿ ಐದು. ಇವುಗಳ ಕೆಲಸ ಒಂದೇ: ರಕ್ತದ ಕ್ಯಾಲ್ಸಿಯಮ್ಮನ್ನು 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ ನಡುವೆ ಕಾಯುವುದು. ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಪಿಟಿಎಚ್ ಎಂಬ ಹಾರ್ಮೋನು ಹೊರಡುತ್ತದೆ. ಅದು ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ವಿಟಮಿನ್ ಡಿಯನ್ನು ಚುರುಕುಗೊಳಿಸಿ ಕರುಳು ಊಟದಿಂದ ಇನ್ನಷ್ಟು ಹೀರುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಏರಿದರೆ ಗ್ರಂಥಿ ಸುಮ್ಮನಾಗಬೇಕು. ರೋಗ ಶುರುವಾಗುವುದು ಅದು ಸುಮ್ಮನಾಗದೆ ಇದ್ದಾಗ.

ನಿಪ್ಪಾಣಿ ಎಂದರೆ ತಂಬಾಕು. 1981ರಲ್ಲಿ ಬೆಲೆಗಾಗಿ ಬೆಳೆಗಾರರು ಪುಣೆ-ಬೆಂಗಳೂರು ಹೆದ್ದಾರಿಯಲ್ಲೇ ಕೂತು ನಡೆಸಿದ ಹೋರಾಟ, ಅದರ ಮೇಲೆ ನಡೆದ ಗೋಲಿಬಾರು ಇಲ್ಲಿಯ ಹಿರಿಯರ ನೆನಪಿನಲ್ಲಿದೆ. ತಂಬಾಕಿನ ಜೊತೆ ಅಂಗೈಯಲ್ಲಿ ತಿಕ್ಕುವುದು ಸುಣ್ಣ, ಸುಣ್ಣವೆಂದರೆ ಕ್ಯಾಲ್ಸಿಯಂ. ಎಲೆ-ಅಡಿಕೆಯ ಸುಣ್ಣ ಅತಿಯಾಗಿ ಹೊಟ್ಟೆಗೆ ಹೋಗಿ ರಕ್ತದ ಕ್ಯಾಲ್ಸಿಯಂ ಏರಿ, ಮೂತ್ರಪಿಂಡಕ್ಕೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮಂಡಿನೋವಿಗೆಂದು 6 ಲಕ್ಷ ಯುನಿಟ್ಟಿನ ವಿಟಮಿನ್ ಡಿ ಇಂಜೆಕ್ಷನ್ನನ್ನು ಮೇಲಿಂದ ಮೇಲೆ ಚುಚ್ಚಿಸಿಕೊಂಡವರಲ್ಲೂ ಹೀಗೇ ಆಗುತ್ತದೆ. ಇಂಥವರಲ್ಲಿ ಪ್ಯಾರಾಥೈರಾಯ್ಡಿನ ತಪ್ಪೇನೂ ಇಲ್ಲ. ಹೊರಗಿನಿಂದ ಬಂದ ಕ್ಯಾಲ್ಸಿಯಂ ನೋಡಿ ಅದು ಬಾಯಿ ಮುಚ್ಚಿಕೊಂಡಿರುತ್ತದೆ, ಪಿಟಿಎಚ್ ತಳ ಕಂಡಿರುತ್ತದೆ.

ಇಲ್ಲಿಯೇ ಇಡೀ ವಿಷಯದ ಕೀಲಿ ಇದೆ. ಕ್ಯಾಲ್ಸಿಯಂ ಒಂದನ್ನೇ ನೋಡಿದರೆ ಕಾರಣ ಹೇಳಲಾಗದು. ಪಿಟಿಎಚ್ ಒಂದನ್ನೇ ನೋಡಿದರೆ ಅದಕ್ಕಿಂತ ಕಷ್ಟ. ಎರಡನ್ನೂ ಒಂದೇ ಹೊತ್ತಿಗೆ ತೆಗೆದ ರಕ್ತದಲ್ಲಿ ನೋಡಬೇಕು. ಕ್ಯಾಲ್ಸಿಯಂ ಏರಿ, ಪಿಟಿಎಚ್ ಕೂಡ ಏರಿದ್ದರೆ ಗ್ರಂಥಿಯ ಮೇಲೆ ಸಂಶಯ. ಕ್ಯಾಲ್ಸಿಯಂ ಏರಿದ್ದೂ ಪಿಟಿಎಚ್ 'ನಾರ್ಮಲ್' ಎಂದು ಬಂದರೂ ಸಂಶಯವೇ, ಯಾಕೆಂದರೆ ಆ ಹೊತ್ತಿನಲ್ಲಿ ಅದು ನಾರ್ಮಲ್ ಇರಬಾರದು, ತೀರಾ ಇಳಿದಿರಬೇಕು. ವರದಿಯಲ್ಲಿ ದಪ್ಪಕ್ಷರ ಕಾಣಲಿಲ್ಲವೆಂದು ನಿಟ್ಟುಸಿರು ಬಿಟ್ಟು ಮನೆಗೆ ಹೋಗುವವರು ಇಲ್ಲಿ ಎಡವುತ್ತಾರೆ. ಕ್ಯಾಲ್ಸಿಯಂ ಏರಿ ಪಿಟಿಎಚ್ ಇಳಿದಿದ್ದರೆ ಸುಣ್ಣ, ವಿಟಮಿನ್ ಡಿ, ಕ್ಷಯ, ಕ್ಯಾನ್ಸರ್ ಕಡೆ ಹುಡುಕಬೇಕು. ಕ್ಯಾಲ್ಸಿಯಂ ಇಳಿದು ಪಿಟಿಎಚ್ ಏರಿದ್ದರೆ ವಿಟಮಿನ್ ಡಿ ಕೊರತೆ ಅಥವಾ ಮೂತ್ರಪಿಂಡದ ಕಾಯಿಲೆ. ಎರಡೂ ಇಳಿದಿದ್ದರೆ ಗ್ರಂಥಿಗಳೇ ಹೋಗಿವೆ ಎಂದು ಅರ್ಥ, ಬಹುಮಟ್ಟಿಗೆ ಥೈರಾಯ್ಡ್ ಆಪರೇಷನ್ನಿನ ನಂತರ.

ಚಿಕ್ಕೋಡಿಯ ದಾರಿ ಹಿಡಿದರೆ ಇಕ್ಕೆಲಕ್ಕೂ ಕಬ್ಬು, ಕಬ್ಬಿನ ಹಿಂದೆ ಕೊಟ್ಟಿಗೆ. ದೂಧಗಂಗಾ, ವೇದಗಂಗಾ, ಕೃಷ್ಣೆಯ ದಂಡೆಯ ಈ ಊರುಗಳಲ್ಲಿ ಪ್ಯಾರಾಥೈರಾಯ್ಡಿನ ಹೆಸರು ಕೇಳದ ರೈತನೂ ಅದರ ಸೋಲನ್ನು ಕಣ್ಣಾರೆ ಕಂಡಿರುತ್ತಾನೆ, ಆಕಳಲ್ಲಿ. ಹೆಚ್ಚು ಹಾಲಿನ ಮಿಶ್ರತಳಿ ಆಕಳು ಕರು ಹಾಕಿದ ಒಂದೆರಡು ದಿನಕ್ಕೆ ದಿಢೀರನೆ ಕುಸಿಯುತ್ತದೆ. ಕಿವಿ ತಣ್ಣಗೆ, ಕತ್ತು ಪಕ್ಕೆಗೆ ಹೊರಳಿರುತ್ತದೆ. ಪಶುವೈದ್ಯರು ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸುತ್ತಾರೆ. ಬಾಟಲಿ ಮುಗಿಯುವ ಹೊತ್ತಿಗೆ ಎಷ್ಟೋ ಆಕಳು ಎದ್ದು ನಿಲ್ಲುತ್ತವೆ. ಹಾಲುಜ್ವರ ಎನ್ನುತ್ತಾರೆ, ಜ್ವರ ಮಾತ್ರ ಇರುವುದಿಲ್ಲ. ಗಿಣ್ಣದ ಹಾಲಿಗೆ ಒಮ್ಮೆಲೇ ಬೇಕಾದ ಕ್ಯಾಲ್ಸಿಯಮ್ಮನ್ನು ಎಲುಬಿನಿಂದ ಬಿಡಿಸಲು ಪ್ಯಾರಾಥೈರಾಯ್ಡಿಗೆ ಒಂದೆರಡು ದಿನ ಹಿಡಿಯುತ್ತದೆ. ಆಕಳು ಬೀಳುವುದು ಆ ಸಂದಿಯಲ್ಲಿ.

ಮನುಷ್ಯರಲ್ಲಿ ಇದೇ ಕೊರತೆ ಇನ್ನೊಂದು ವೇಷದಲ್ಲಿ ಬರುತ್ತದೆ. ಗಳಗಂಡಕ್ಕೋ ಥೈರಾಯ್ಡ್ ಗಂಟಿಗೋ ಆಪರೇಷನ್ ಆಗಿ ಮನೆಗೆ ಬಂದವರ ತುಟಿಯ ಸುತ್ತ ಜುಮುಜುಮು, ಬೆರಳ ತುದಿಯಲ್ಲಿ ಇರುವೆ ಹರಿದಂತೆ, ಕೊನೆಗೆ ಕೈಬೆರಳು ಸೆಟೆದುಕೊಳ್ಳುವುದು. ಥೈರಾಯ್ಡಿನ ಜೊತೆ ಈ ಗ್ರಂಥಿಗಳೂ ಹೋಗಿರುತ್ತವೆ, ಇಲ್ಲವೇ ಅವುಗಳ ರಕ್ತದ ಹರಿವು ಕಡಿದಿರುತ್ತದೆ. ಬಹುಪಾಲು ಮಂದಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಜೀವನಪೂರ್ತಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಗುಳಿಗೆ ಬೇಕಾಗುತ್ತದೆ. ಹುಟ್ಟಿನಿಂದಲೇ ಈ ಗ್ರಂಥಿ ಕೆಲಸ ಮಾಡದ ಮಕ್ಕಳು ಫಿಟ್ಸ್ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವುದುಂಟು. ಬಿಪಿ ಅಳೆಯುವ ಪಟ್ಟಿಯನ್ನು ಕ್ಯಾಲ್ಸಿಯಂ ಇಳಿದವರ ತೋಳಿಗೆ ಬಿಗಿದು ಮೂರು ನಿಮಿಷ ಬಿಟ್ಟರೆ ಹಸ್ತ ತಾನೇ ಮಡಚಿಕೊಳ್ಳುತ್ತದೆ. ಈ ಪರೀಕ್ಷೆಗೆ ಲ್ಯಾಬೇ ಬೇಡ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾಡಬಹುದು.

ಈ ಗ್ರಂಥಿ ಮೊದಲು ಕಣ್ಣಿಗೆ ಬಿದ್ದ ಕಥೆಯಲ್ಲಿಯೂ ಒಂದು ಪ್ರಾಣಿ ಇದೆ, ಅದೂ ನಮ್ಮ ದೇಶದ್ದು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿದ್ದ ಭಾರತದ ಖಡ್ಗಮೃಗ 1849ರಲ್ಲಿ ಸತ್ತಿತು. ರಿಚರ್ಡ್ ಓವನ್ ಎಂಬ ಅಂಗರಚನಾ ತಜ್ಞ ಅದನ್ನು ಸೀಳಿ ನೋಡುವಾಗ ಥೈರಾಯ್ಡಿನ ಬಳಿ ಹಳದಿ ಬಣ್ಣದ ಪುಟ್ಟ ಗಂಟೊಂದನ್ನು ಗುರುತಿಸಿ ಬರೆದಿಟ್ಟ. ಮನುಷ್ಯರಲ್ಲಿ ಅದನ್ನು ವಿವರಿಸಿದವನು ಸ್ವೀಡನ್ನಿನ ಉಪ್ಸಾಲಾದ ಈವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ಆಗ ಅವನಿನ್ನೂ ವೈದ್ಯ ವಿದ್ಯಾರ್ಥಿ. ಐವತ್ತು ಶವಗಳ ಕೊರಳು ಬಿಡಿಸಿ ನೋಡಿ ಬರೆದ ಆ ಲೇಖನಕ್ಕೆ ಅವನು ಬದುಕಿರುವಾಗ ಹೆಚ್ಚು ಬೆಲೆ ಸಿಗಲಿಲ್ಲ.

ಚಿಕ್ಕೋಡಿಯ ಒಂದು ಸಣ್ಣ ಲ್ಯಾಬಿನಲ್ಲಿ ಕೂತು ಕೇಳಿದೆ. ಕ್ಯಾಲ್ಸಿಯಂ ಇಲ್ಲೇ ಆಗುತ್ತದೆ, ಅದಕ್ಕೆ ಬೇಕಾದ ಯಂತ್ರ ಮೇಜಿನ ಮೇಲೇ ಇದೆ. ಪಿಟಿಎಚ್ ಕೇಳಿ ಚೀಟಿ ಬರುವುದು ಅಪರೂಪ. ಬಂದರೆ ಹೊರಗೆ ಕಳಿಸುತ್ತಾರೆ. ಲ್ಯಾಬಿನವರು ಹೇಳುವ ಸೂಕ್ಷ್ಮಗಳನ್ನು ರೋಗಿಯೂ ತಿಳಿದಿರುವುದು ಒಳ್ಳೆಯದು. ತೋಳಿಗೆ ರಬ್ಬರಿನ ಪಟ್ಟಿ ಬಿಗಿದು ಬಹಳ ಹೊತ್ತು ರಕ್ತನಾಳ ಹುಡುಕುತ್ತ ಕೂತರೆ ಕ್ಯಾಲ್ಸಿಯಂ ಸುಳ್ಳೇ ಏರುತ್ತದೆ. ರಕ್ತದಲ್ಲಿ ಆಲ್ಬುಮಿನ್ ಕಡಿಮೆ ಇದ್ದರೆ ಕ್ಯಾಲ್ಸಿಯಂ ಸುಳ್ಳೇ ಇಳಿದಂತೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಒಂದು ಗ್ರಾಂ ಕಡಿಮೆಯಾದರೆ ಕ್ಯಾಲ್ಸಿಯಮ್ಮಿಗೆ 0.8 ಕೂಡಿಸಿ ಓದಬೇಕು. ಪಿಟಿಎಚ್ ಬಿಸಿಯಲ್ಲಿ ಬೇಗ ಕೆಡುವ ಹಾರ್ಮೋನು. ಇಡಿಟಿಎ ಇರುವ ನಳಿಕೆಯಲ್ಲಿ ತೆಗೆದು ತಣ್ಣಗೆ ಕಳಿಸಿದರೆ ನಿಲ್ಲುತ್ತದೆ. ಏಪ್ರಿಲ್ ಬಿಸಿಲಲ್ಲಿ ಬಸ್ಸಿನ ಡ್ರೈವರನ ಪಕ್ಕ ಸುಡುತ್ತ ಹೋದ ಮಾದರಿಯಿಂದ ಬರುವ ಅಂಕಿಯನ್ನು ನಂಬಲಾಗದು.

ರಾಯಬಾಗಕ್ಕೆ ಬಂದರೆ ಮಾತು ಹರಳಿನ ಕಡೆ ಹೊರಳುತ್ತದೆ. ಇಲ್ಲಿ ಯಾರ ಕಟ್ಟೆಯ ಮೇಲೆ ಕೂತರೂ ಕಿಡ್ನಿಯಲ್ಲಿ ಹರಳಾದವನೊಬ್ಬ ಸಿಗುತ್ತಾನೆ. ಗಡಿಯ ಊರುಗಳಲ್ಲಿ ಮುತಖಡಾ ಎನ್ನುತ್ತಾರೆ. ಹುರುಳಿ ಕಟ್ಟು, ಬಾಳೆದಿಂಡಿನ ರಸ, ದಿನಕ್ಕೆ ಮೂರು-ನಾಲ್ಕು ಲೀಟರು ನೀರು, ಅದಕ್ಕೂ ಜಗ್ಗದಿದ್ದರೆ ಒಡೆಸುವುದು. ಹರಳಾಗುವುದಕ್ಕೆ ಕಾರಣ ಹಲವು: ಸುಡುಬಿಸಿಲಲ್ಲಿ ಕಬ್ಬು ಕಡಿಯುತ್ತ ನೀರು ಕಡಿಮೆ ಕುಡಿಯುವುದು, ಉಪ್ಪು, ವಂಶ. ಪ್ಯಾರಾಥೈರಾಯ್ಡಿನ ಗಡ್ಡೆಯಿಂದ ಹರಳಾಗುವವರು ನೂರರಲ್ಲಿ ಕೆಲವೇ ಮಂದಿ. ಆದರೆ ಆ ಕೆಲವರಿಗೆ ಹರಳು ಒಡೆಸುವುದರಿಂದ ಮುಗಿಯುವುದಿಲ್ಲ. ಮತ್ತೆ ಆಗುತ್ತದೆ, ಎರಡೂ ಕಡೆ ಆಗುತ್ತದೆ, ಕೊನೆಗೆ ಮೂತ್ರಪಿಂಡವೇ ಹೋಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಒಡೆಸಲು ಸಾವಿರಾರು ರೂಪಾಯಿ ಖರ್ಚಾಗುತ್ತದೆ, ಸ್ಕ್ಯಾನಿಂಗ್ ಮೂರು ಸಲ ಆಗುತ್ತದೆ, ರಕ್ತದ ಕ್ಯಾಲ್ಸಿಯಂ ಎಂಬ ಅಗ್ಗದ ಪರೀಕ್ಷೆ ಮಾತ್ರ ಚೀಟಿಯ ಮೇಲೆ ಬರುವುದಿಲ್ಲ. ಹೊರಗೆ ಬಂದ ಹರಳನ್ನು ಪರೀಕ್ಷೆಗೆ ಕಳಿಸುವವರೂ ವಿರಳ. ಹೆಚ್ಚಿನವರು ಅದನ್ನು ಕಾಗದದಲ್ಲಿ ಸುತ್ತಿ ನೆಂಟರಿಗೆ ತೋರಿಸಲು ಇಟ್ಟುಕೊಳ್ಳುತ್ತಾರೆ.

ಇಂಥದೇ ಗಡ್ಡೆಯಿಂದ ನರಳಿದ ಚಾರ್ಲ್ಸ್ ಮಾರ್ಟೆಲ್ ಎಂಬ ಅಮೆರಿಕದ ಹಡಗಿನ ಕಪ್ತಾನನ ಕಥೆ ವೈದ್ಯರೆಲ್ಲ ಓದುವಂಥದ್ದು. ಎತ್ತರದ, ಕಟ್ಟುಮಸ್ತಾದ ಮನುಷ್ಯ. ಎಲುಬು ಮುರಿಯುತ್ತ, ಕುಗ್ಗುತ್ತ, ಏಳು ಇಂಚು ಗಿಡ್ಡನಾದ, ಹರಳು ಬೇರೆ. ಕೊರಳನ್ನು ಮತ್ತೆ ಮತ್ತೆ ಬಿಡಿಸಿ ಹುಡುಕಿದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಬಾಸ್ಟನ್ನಿನಲ್ಲಿ ಏಳನೆಯ ಆಪರೇಷನ್ನಿನಲ್ಲಿ ಅದು ಎದೆಗೂಡಿನೊಳಗೆ ಅಡಗಿದ್ದು ಕಂಡಿತು. ಗರ್ಭದಲ್ಲಿ ಈ ಗ್ರಂಥಿಗಳು ಮೇಲಿನಿಂದ ಕೆಳಗೆ ಇಳಿಯುತ್ತ ಬರುತ್ತವೆ, ಕೆಲವು ಇಳಿಯುತ್ತ ಇಳಿಯುತ್ತ ಎದೆಗೇ ಹೋಗಿಬಿಡುತ್ತವೆ. ಗಡ್ಡೆ ಸಿಕ್ಕ ಕೆಲವೇ ವಾರಗಳಲ್ಲಿ, ಹರಳಿನ ತೊಂದರೆಗೆ ಮಾಡಿದ ಇನ್ನೊಂದು ಆಪರೇಷನ್ನಿನ ನಂತರ, ಮಾರ್ಟೆಲ್ ತೀರಿಕೊಂಡ. ಈಗ ಆ ಹುಡುಕಾಟಕ್ಕೆ ಕೊರಳ ಅಲ್ಟ್ರಾಸೌಂಡ್ ಇದೆ, ಸೆಸ್ಟಮಿಬಿ ಎಂಬ ವಿಕಿರಣ ಸ್ಕ್ಯಾನ್ ಇದೆ. ಹೃದಯದ ಪರೀಕ್ಷೆಗೆಂದು ತಂದ ಆ ಔಷಧಿ ಪ್ಯಾರಾಥೈರಾಯ್ಡಿನ ಗಡ್ಡೆಯಲ್ಲೂ ನಿಲ್ಲುತ್ತದೆ ಎಂದು 1989ರಲ್ಲಿ ಅಕಸ್ಮಾತ್ತಾಗಿ ಗೊತ್ತಾಯಿತು.

ರಾಯಬಾಗದಿಂದ ಕುಡಚಿಗೆ ಬಂದು ಕೃಷ್ಣೆ ದಾಟಿದರೆ ಉಗಾರ. 2019ರ ಆಗಸ್ಟಿನ ಪ್ರವಾಹದಲ್ಲಿ ಈ ದಂಡೆಯ ಊರುಗಳಲ್ಲಿ ಎಷ್ಟೋ ಮನೆ ಮುಳುಗಿ, ಪೆಟ್ಟಿಗೆಯಲ್ಲಿದ್ದ ಕಾಗದಪತ್ರವೆಲ್ಲ ನೀರುಪಾಲಾದವು. ರೋಗಿಗಳ ಹಳೆಯ ವರದಿಗಳೂ ಅದರಲ್ಲೇ ಹೋದವು. ಈ ಮಾತಿಗೆ ಮುಂದೆ ಕೆಲಸ ಇದೆ.

ಅಥಣಿ ಚಪ್ಪಲಿಯ ಊರು, ಮುರುಘೇಂದ್ರ ಶಿವಯೋಗಿಗಳ ಊರು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ಜೊತೆ ಬೆಳಗಾವಿ ಜಿಲ್ಲೆಯೂ ಪಾಲು ಪಡೆಯಿತು. ಅದರ ಹಿಂದೆ ಇರುವುದು ಇಲ್ಲಿಯ ಓಣಿಗಳಲ್ಲಿ ನೆಲದ ಮೇಲೆ ಕೂತು ಚರ್ಮ ಬಡಿಯುವವರ ಕೈ. ಹಗಲೆಲ್ಲ ಬಗ್ಗಿ ಕೂತವರಿಗೆ ಸೊಂಟನೋವು ಬರುವುದು ಸಹಜ, ಹಾಗಾಗಿ ಎಲುಬಿನ ನೋವನ್ನು ಯಾರೂ ರೋಗವೆಂದು ಎಣಿಸುವುದಿಲ್ಲ. ನಡುವಯಸ್ಸಿನ ಹೆಂಗಸು ಮೆಟ್ಟಿಲು ಹತ್ತಲಾರೆ ಎಂದರೆ ವಾತ. ಸಣ್ಣದೊಂದು ಎಡವಿಗೆ ತೊಡೆಯೆಲುಬು ಮುರಿದರೆ ಹಣೆಬರಹ.

ಪ್ಯಾರಾಥೈರಾಯ್ಡ್ ರೋಗದ ಭಾರತದ ಮುಖ ಇದೇ. ಅಮೆರಿಕದಲ್ಲಿ 1970ರ ದಶಕದಲ್ಲಿ ಮಾಮೂಲಿ ರಕ್ತಪರೀಕ್ಷೆಯ ಜೊತೆ ಕ್ಯಾಲ್ಸಿಯಮ್ಮೂ ಸೇರಿತು. ಅಂದಿನಿಂದ ಅಲ್ಲಿ ಬಹುಪಾಲು ರೋಗಿಗಳು ಏನೂ ತೊಂದರೆ ಕಾಣಿಸಿಕೊಳ್ಳುವ ಮೊದಲೇ ಸಿಗತೊಡಗಿದರು. ನಮ್ಮಲ್ಲಿ ಚಂಡೀಗಢ, ಲಕ್ನೋ, ದಿಲ್ಲಿಯ ದೊಡ್ಡ ಸಂಸ್ಥೆಗಳು ಪ್ರಕಟಿಸಿದ ವರದಿಗಳನ್ನು ನೋಡಿದರೆ ರೋಗಿಗಳು ಇನ್ನೂ ಎಲುಬು ಸವೆದ, ಮುರಿದ, ಹರಳಾದ ಮೇಲೇ ಬರುತ್ತಿದ್ದಾರೆ. ಗಡ್ಡೆಯೂ ದೊಡ್ಡದು, ಪಿಟಿಎಚ್ಚೂ ಬಹಳ ಏರಿದ್ದು, ವಯಸ್ಸು ಮಾತ್ರ ಚಿಕ್ಕದು. ಜೊತೆಗೆ ವಿಟಮಿನ್ ಡಿ ಕೊರತೆ ಸೇರಿದರೆ ಎಲುಬಿನ ಗತಿ ಇನ್ನೂ ಕೆಡುತ್ತದೆ, ಕ್ಯಾಲ್ಸಿಯಂ ಅಷ್ಟಾಗಿ ಏರದೆ ರೋಗ ಮರೆಯಾಗುತ್ತದೆ.

ಪೆಥಾಲಜಿಯವರ ಬಹುದೊಡ್ಡ ಬೋನು ಇರುವುದೂ ಈ ಎಲುಬಿನಲ್ಲೇ. ಪಿಟಿಎಚ್ ಬಹುಕಾಲ ಏರಿದ್ದರೆ ಎಲುಬು ಒಳಗೊಳಗೇ ಕರಗಿ, ಆ ಜಾಗದಲ್ಲಿ ರಕ್ತಸ್ರಾವವಾಗಿ, ಕಂದು ಬಣ್ಣದ ಮಾಂಸ ತುಂಬಿಕೊಳ್ಳುತ್ತದೆ. 'ಬ್ರೌನ್ ಟ್ಯೂಮರ್' ಎನ್ನುತ್ತಾರೆ. ಹೆಸರಿನಲ್ಲಿ ಟ್ಯೂಮರ್ ಇದ್ದರೂ ನಿಜವಾದ ಗಡ್ಡೆಯಲ್ಲ. ದವಡೆಯಲ್ಲಿ ಆದರೆ ರೋಗಿ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತಾನೆ, ಮೊಣಕಾಲ ಬಳಿ ಆದರೆ ಎಲುಬಿನ ಡಾಕ್ಟರ ಹತ್ತಿರ. ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿಟ್ಟರೆ ಕಾಣುವುದು ಹತ್ತಾರು ಕೋಶಕೇಂದ್ರಗಳ ದೈತ್ಯಕೋಶಗಳು. ಎಲುಬಿನ ದೈತ್ಯಕೋಶ ಗಡ್ಡೆಯಲ್ಲೂ ಅವೇ, ದವಡೆಯ ಇನ್ನೊಂದು ಬಗೆಯ ಗಂಟಿನಲ್ಲೂ ಅವೇ. ಸ್ಲೈಡು ನೋಡಿ ಬೇರ್ಪಡಿಸುವುದು ಕಷ್ಟ. ರಕ್ತದ ಕ್ಯಾಲ್ಸಿಯಂ ನೋಡಿದರೆ ಬಹುಪಾಲು ಬೇರ್ಪಡಿಸಬಹುದು. ಅನುಭವಿ ಪೆಥಾಲಜಿಸ್ಟರು ವರದಿಯ ಕೊನೆಗೆ 'ಕ್ಯಾಲ್ಸಿಯಂ, ಪಿಟಿಎಚ್ ನೋಡಿ' ಎಂದು ಬರೆಯುವುದು ಅದಕ್ಕೇ. ಆ ಒಂದು ಸಾಲು ಓದದೆ ದವಡೆ ಕೊಯ್ದವರಿದ್ದಾರೆ. ಕೊರಳ ಗಡ್ಡೆ ತೆಗೆದರೆ ಬ್ರೌನ್ ಟ್ಯೂಮರು ಎಷ್ಟೋ ಸಲ ತಾನಾಗಿ ತುಂಬಿಕೊಂಡು ಬರುತ್ತದೆ.

ಹಿಂದೆ ಎಲುಬೇ ರೋಗದ ಮೂಲ ಎಂದುಕೊಂಡಿದ್ದರು. ಜರ್ಮನಿಯ ಫಾನ್ ರೆಕ್ಲಿಂಗ್‌ಹೌಸನ್ 1891ರಲ್ಲಿ ಈ ಎಲುಬುಗಳನ್ನು ವಿವರಿಸಿದರೂ ಕೊರಳಿಗೆ ಸಂಬಂಧ ಕಲ್ಪಿಸಿರಲಿಲ್ಲ. ಎಲುಬು ಸವೆದದ್ದರಿಂದ ಗ್ರಂಥಿ ಊದುತ್ತದೆ ಎಂಬುದು ಮುಂದಿನವರ ವಾದ. ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್ ಆ ವಾದವನ್ನೇ ನಂಬಿ, ಆಲ್ಬರ್ಟ್ ಯಾನೆ ಎಂಬ ಟ್ರಾಮ್ ಕಂಡಕ್ಟರನಿಗೆ ಮೊದಲು ಬೇರೊಬ್ಬರ ಗ್ರಂಥಿಯನ್ನು ಕಸಿಮಾಡಿ ನೋಡಿದ, ಉಪಯೋಗವಾಗಲಿಲ್ಲ. 1925ರಲ್ಲಿ ಉಲ್ಟಾ ಹೊರಟು ಗಡ್ಡೆಯನ್ನೇ ತೆಗೆದ. ಹಾಸಿಗೆ ಹಿಡಿದವನು ಎದ್ದು ನಡೆದ. ಕಾರಣವೇ ಪರಿಣಾಮವಾಗಿ ಕಂಡ ಆ ಗೊಂದಲ ಅಥಣಿಯ ಎಕ್ಸ್-ರೇ ಕೋಣೆಯಲ್ಲಿ ಇವತ್ತಿಗೂ ಆಗಬಲ್ಲದು.

ಕಾಗವಾಡ ಅಥಣಿಯಿಂದ ಬೇರೆಯಾಗಿ ತಾಲೂಕಾದದ್ದು ಇತ್ತೀಚೆಗೆ, ನಿಪ್ಪಾಣಿ ಚಿಕ್ಕೋಡಿಯಿಂದ ಬೇರೆಯಾದ ಹಾಗೆಯೇ. ತಾಲೂಕು ಹೊಸದು, ಆಸ್ಪತ್ರೆಯ ಅಭ್ಯಾಸ ಹಳೆಯದು: ಇಲ್ಲಿಯ ಜನ ಏನಾದರೂ ಹೆಚ್ಚುಕಡಿಮೆಯಾದರೆ ಮ್ಹೈಸಾಳದ ಮೇಲಿಂದ ಮಿರಜಕ್ಕೆ ಹೋಗುತ್ತಾರೆ. ಗಡಿ ದಾಟುವುದು ಅವರ ಲೆಕ್ಕದಲ್ಲಿ ಓಣಿ ದಾಟಿದಂತೆ. ವಿಲಿಯಂ ವಾನ್ಲೆಸ್ ಎಂಬ ಕೆನಡಾದ ಸರ್ಜನ್ 1894ರಲ್ಲಿ ಅಲ್ಲಿ ಮಿಶನ್ ದವಾಖಾನೆ ತೆರೆದ ಕಾಲದಿಂದ ಅಥಣಿ ಭಾಗದ ಗಾಡಿಗಳು ಆ ಕಡೆಗೇ ಹೊರಳುತ್ತ ಬಂದಿವೆ. ನಿಪ್ಪಾಣಿಯವರು ಕೊಲ್ಹಾಪುರಕ್ಕೆ, ಚಿಕ್ಕೋಡಿಯವರು ಬೆಳಗಾವಿಗೆ ಹೋಗುವುದು ಜಾಸ್ತಿ. ರಾಯಬಾಗದವರು ಯಾವ ರೈಲು ಮೊದಲು ಬಂದರೆ ಆ ಕಡೆ, ಎಂದು ತಮಾಷೆ ಮಾಡುತ್ತಾರೆ.

ಕರ್ನಾಟಕದ ತಾಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಬಂದ ಮೇಲೆ ಪ್ಯಾರಾಥೈರಾಯ್ಡ್ ರೋಗದ ಇನ್ನೊಂದು ಬಗೆ ಹೆಚ್ಚು ಕಾಣುವ ಹಾಗಾಗಿದೆ. ಮೂತ್ರಪಿಂಡ ಸೋತಾಗ ರಂಜಕ ರಕ್ತದಲ್ಲಿ ಉಳಿಯುತ್ತದೆ, ಚುರುಕಾದ ವಿಟಮಿನ್ ಡಿ ತಯಾರಾಗುವುದಿಲ್ಲ, ಕ್ಯಾಲ್ಸಿಯಂ ಇಳಿಯುತ್ತದೆ. ನಾಲ್ಕೂ ಗ್ರಂಥಿಗಳು ವರ್ಷಗಟ್ಟಲೆ ದುಡಿದು ಊದುತ್ತವೆ. ಇಲ್ಲಿ ಗ್ರಂಥಿ ಅಪರಾಧಿಯಲ್ಲ, ದುಡಿತದ ಬಲಿ. ಬಹುಕಾಲ ಹಾಗೇ ಬಿಟ್ಟರೆ ಯಾರ ಮಾತೂ ಕೇಳದೆ ತಾವೇ ಹಾರ್ಮೋನು ಸುರಿಸುವ ಹಂತಕ್ಕೂ ಹೋಗುತ್ತವೆ. ವಾರಕ್ಕೆ ಎರಡು-ಮೂರು ಸಲ ಡಯಾಲಿಸಿಸ್ಸಿಗೆ ಬರುವವರು ಮೈ ತುರಿಕೆ, ಎಲುಬಿನ ನೋವು ಎಂದರೆ ರಂಜಕ ಮತ್ತು ಪಿಟಿಎಚ್ ನೋಡಿಸಬೇಕು.

ಮಿರಜದ ಒಂದು ಹಿಸ್ಟೊಪೆಥಾಲಜಿ ಲ್ಯಾಬಿನಲ್ಲಿ ಈ ದಾರಿ ಮುಟ್ಟಬೇಕಾದಲ್ಲಿ ಮುಟ್ಟಿತು. ಫಾರ್ಮಲಿನ್ ವಾಸನೆ, ಸಾಲಾಗಿ ಡಬ್ಬಿಗಳು, ಒಂದೊಂದಕ್ಕೂ ಅಂಟಿಸಿದ ಚೀಟಿ. ಚೀಟಿಯಲ್ಲಿ 'ರೋಗದ ವಿವರ' ಎಂಬ ಖಾನೆ ಇರುತ್ತದೆ. ಅದು ಖಾಲಿ ಇರುವುದೇ ಹೆಚ್ಚು, ಇಲ್ಲವೇ 'ಕೊರಳಲ್ಲಿ ಗಂಟು' ಎಂಬ ಎರಡು ಪದ. ಕ್ಯಾಲ್ಸಿಯಂ ಎಷ್ಟಿತ್ತು, ಎಷ್ಟು ಗ್ರಂಥಿ ನೋಡಿದರು, ಎಷ್ಟು ತೆಗೆದರು, ಉಳಿದವು ಹೇಗಿದ್ದವು, ಹರಳು ಇತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ. ವರದಿ ನಿಲ್ಲುವುದು ಈ ಪ್ರಶ್ನೆಗಳ ಮೇಲೆ, ಉತ್ತರ ಇರುವುದು ಐದು ತಾಲೂಕಿನ ಐದು ಕಡತಗಳಲ್ಲಿ.

ಮೊದಲು ತಕ್ಕಡಿ. ತೆಗೆದ ಗ್ರಂಥಿಯ ಸುತ್ತಲ ಕೊಬ್ಬು ಬಿಡಿಸಿ ಸೂಕ್ಷ್ಮ ತಕ್ಕಡಿಯ ಮೇಲೆ ತೂಗುತ್ತಾರೆ. 50 ಮಿಲಿಗ್ರಾಮಿನ ಜಾಗದಲ್ಲಿ ಕೆಲವು ನೂರು ಮಿಲಿಗ್ರಾಮೋ, ಕೆಲವು ಗ್ರಾಮೋ ಇದ್ದರೆ ರೋಗ ಅಲ್ಲಿದೆ. ನಂತರ ಮೇಣದಲ್ಲಿ ಅಚ್ಚು ಹಾಕಿ, ಮಿಲಿಮೀಟರಿನ ಸಾವಿರ ಭಾಗದಲ್ಲಿ ಮೂರು-ನಾಲ್ಕು ಭಾಗ ದಪ್ಪದ ಪದರ ಸೀಳಿ ಬಣ್ಣ ಹಾಕಿ ನೋಡುವುದು. ಆರೋಗ್ಯವಂತ ಗ್ರಂಥಿಯಲ್ಲಿ ಕೋಶಗಳ ನಡುವೆ ಕೊಬ್ಬು ಚದುರಿರುತ್ತದೆ. ಅಡಿನೋಮ ಎಂಬ ಸಾಧು ಗಡ್ಡೆಯಲ್ಲಿ ಕೊಬ್ಬು ಮಾಯವಾಗಿ ಕೋಶಗಳೇ ಕಿಕ್ಕಿರಿದಿರುತ್ತವೆ. ಅದೃಷ್ಟವಿದ್ದರೆ ಅಂಚಿನಲ್ಲಿ ಒತ್ತಿಹೋದ ಆರೋಗ್ಯವಂತ ಗ್ರಂಥಿಯ ಒಂದು ಪಟ್ಟಿ ಉಳಿದಿರುತ್ತದೆ. ಮೂಲತಃ ಪ್ಯಾರಾಥೈರಾಯ್ಡಿನದೇ ಆದ ರೋಗದಲ್ಲಿ ನೂರಕ್ಕೆ 80ರಿಂದ 85 ಮಂದಿಗೆ ಹೀಗೆ ಒಂದೇ ಗ್ರಂಥಿಯ ಸಾಧು ಗಡ್ಡೆ. ಉಳಿದವರಲ್ಲಿ ಬಹುಪಾಲಿಗೆ ಒಂದಕ್ಕಿಂತ ಹೆಚ್ಚು ಗ್ರಂಥಿ ಕೆಟ್ಟಿರುತ್ತದೆ. ಕ್ಯಾನ್ಸರ್ ಶೇಕಡಾ ಒಂದಕ್ಕಿಂತಲೂ ಕಡಿಮೆ.

ತಮಾಷೆಯೆಂದರೆ ಒಂದೇ ಗ್ರಂಥಿಯ ಸ್ಲೈಡು ಕೊಟ್ಟು ಇದು ಒಂಟಿ ಅಡಿನೋಮವೇ, ನಾಲ್ಕೂ ಊದಿದವುಗಳಲ್ಲಿ ಒಂದೇ ಎಂದು ಕೇಳಿದರೆ ಜಗತ್ತಿನ ದೊಡ್ಡ ಪೆಥಾಲಜಿಸ್ಟನಿಗೂ ಖಚಿತವಾಗಿ ಹೇಳಲಾಗದು. ಉಳಿದ ಮೂರು ಹೇಗಿದ್ದವೆಂದು ಸರ್ಜನ್ ಹೇಳಬೇಕು, ಆಪರೇಷನ್ನಿನ ನಂತರ ಪಿಟಿಎಚ್ ಬಿದ್ದಿತೇ ಎಂದು ರಕ್ತ ಹೇಳಬೇಕು. ಈ ಹಾರ್ಮೋನು ರಕ್ತದಲ್ಲಿ ಬಾಳುವುದು ನಿಮಿಷಗಳ ಲೆಕ್ಕದಲ್ಲಿ. ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ ಅರ್ಧಕ್ಕಿಂತ ಕೆಳಗೆ ಇಳಿದರೆ ಕೆಲಸ ಆದಂತೆ ಎಂದು ಆಪರೇಷನ್ ಟೇಬಲ್ಲಿನ ಮೇಲೇ ನೋಡುವ ದೊಡ್ಡ ಆಸ್ಪತ್ರೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣ 'ಪ್ರೈಮರಿ ಹೈಪರ್‌ಪ್ಲೇಸಿಯಾ' ಎಂಬ ಹಳೆಯ ಹೆಸರಿನ ಬದಲು 'ಬಹುಗ್ರಂಥಿ ರೋಗ' ಎನ್ನುತ್ತದೆ. ಬಹುಗ್ರಂಥಿ ಎಂದಾದರೆ, ಅದರಲ್ಲೂ ವಯಸ್ಸು ಚಿಕ್ಕದಾದರೆ, ವಂಶದಲ್ಲಿ ಹರಿದು ಬಂದ ರೋಗವೇ ಎಂದು ಮನೆಯವರ ಕ್ಯಾಲ್ಸಿಯಮ್ಮನ್ನೂ ನೋಡಬೇಕಾಗುತ್ತದೆ.

ಕ್ಯಾನ್ಸರ್ ಎನ್ನುವುದಕ್ಕೆ ಕೋಶದ ವಿಕಾರ ರೂಪ ಸಾಲದು. ಗಡ್ಡೆ ರಕ್ತನಾಳದೊಳಗೆ, ದುಗ್ಧನಾಳದೊಳಗೆ ಅಥವಾ ನರದ ಸುತ್ತ ನುಗ್ಗಿರಬೇಕು, ಪಕ್ಕದ ಅಂಗಕ್ಕೆ ಹಬ್ಬಿರಬೇಕು, ಇಲ್ಲವೇ ದೂರದ ಜಾಗದಲ್ಲಿ ಸಿಕ್ಕಿರಬೇಕು. ಅನುಮಾನ ಹುಟ್ಟಿಸಿ, ಸಾಕ್ಷಿ ಕೊಡದ ಗಡ್ಡೆಗಳಿಗೆ 'ಅಟಿಪಿಕಲ್' ಎಂಬ ನಡುವಿನ ಹೆಸರು. ಇಂಥಲ್ಲಿ ಪ್ಯಾರಾಫೈಬ್ರೋಮಿನ್ ಎಂಬ ಬಣ್ಣದ ಪರೀಕ್ಷೆ ನೆರವಿಗೆ ಬರುತ್ತದೆ. ಆ ಪ್ರೋಟೀನು ಕೋಶಕೇಂದ್ರದಿಂದ ಮಾಯವಾಗಿದ್ದರೆ ಹೆಚ್ಚು ಎಚ್ಚರಿಕೆ ಬೇಕು. ಅಟಿಪಿಕಲ್ ಎಂದು ಓದಿ ಕ್ಯಾನ್ಸರ್ ಎಂದು ಅಳುವುದೂ ತಪ್ಪು, ಮುಗಿಯಿತೆಂದು ಕಡತ ಎಸೆಯುವುದೂ ತಪ್ಪು. ವರ್ಷ ವರ್ಷ ಕ್ಯಾಲ್ಸಿಯಂ ನೋಡಿಸುತ್ತಿರಬೇಕು.

ಇನ್ನೊಂದು ಎಡವು ಸೂಜಿ ಪರೀಕ್ಷೆಯಲ್ಲಿ. ಕೊರಳ ಗಂಟಿಗೆ ಸೂಜಿ ಹಾಕಿ ತೆಗೆದ ಪ್ಯಾರಾಥೈರಾಯ್ಡ್ ಕೋಶಗಳು ಥೈರಾಯ್ಡ್ ಕೋಶಗಳಂತೆಯೇ ಕಾಣುತ್ತವೆ. ಸಂಶಯವಿದ್ದವರು ಸೂಜಿ ತೊಳೆದ ನೀರಿನಲ್ಲೇ ಪಿಟಿಎಚ್ ಅಳೆಯುತ್ತಾರೆ. ಸಂಶಯ ಬರಬೇಕಾದರೆ ಚೀಟಿಯ ಮೇಲೆ ಕ್ಯಾಲ್ಸಿಯಂ ಬರೆದಿರಬೇಕು, ಮತ್ತೆ ಅಲ್ಲಿಗೇ ಬಂದೆವು. ಆದರೆ ಪ್ಯಾರಾಥೈರಾಯ್ಡ್ ಕ್ಯಾನ್ಸರಿನ ಸಂಶಯವಿದ್ದಲ್ಲಿ ಸೂಜಿ ಹಾಕದಿರುವುದು ಮೇಲು, ಕೋಶ ಚೆಲ್ಲುವ ಭಯವಿದೆ. ಆಪರೇಷನ್ನಿಗೆ ಮುಂಚೆ 24 ತಾಸಿನ ಮೂತ್ರದಲ್ಲಿ ಕ್ಯಾಲ್ಸಿಯಂ ನೋಡುವುದನ್ನೂ ಬಿಡಬಾರದು. ವಂಶಪಾರಂಪರ್ಯದ ಒಂದು ನಿರುಪದ್ರವಿ ಸ್ಥಿತಿಯಲ್ಲಿ ರಕ್ತದ ಕ್ಯಾಲ್ಸಿಯಂ ಏರಿರುತ್ತದೆ, ಮೂತ್ರದಲ್ಲಿ ಕಡಿಮೆ ಇರುತ್ತದೆ. ಅಂಥವರ ಕೊರಳು ಕೊಯ್ಯುವುದು ಬೇಕಿಲ್ಲ.

ಆಪರೇಷನ್ ಆಗಿ ಊರಿಗೆ ಮರಳುವವರಿಗೆ ಒಂದು ಗಂಡಾಂತರ ಉಳಿದಿರುತ್ತದೆ. ವರ್ಷಗಟ್ಟಲೆ ಸುಲಿಗೆಯಾದ ಎಲುಬು ಗಡ್ಡೆ ಹೋದ ಕೂಡಲೇ ರಕ್ತದ ಕ್ಯಾಲ್ಸಿಯಮ್ಮನ್ನು ಹಸಿದಂತೆ ಎಳೆದುಕೊಳ್ಳುತ್ತದೆ. ಎಲುಬು ಹೆಚ್ಚು ಸವೆದ ನಮ್ಮ ರೋಗಿಗಳಲ್ಲಿ ಇದು ಇನ್ನೂ ಜೋರು. ತುಟಿ ಜುಮುಗುಟ್ಟಿದರೆ, ಬೆರಳು ಸೆಟೆದರೆ ನಾಳೆ ನೋಡೋಣ ಎನ್ನದೆ ಹತ್ತಿರದ ದವಾಖಾನೆಗೆ ಹೋಗಿ ಕ್ಯಾಲ್ಸಿಯಂ ನೋಡಿಸಬೇಕು. ಅಥಣಿಯ ರೋಗಿ ಅದಕ್ಕಾಗಿ ಮಿರಜದವರೆಗೆ ಓಡುವುದು ಬೇಡ.

ಈ ಪಟ್ಟಿಯಲ್ಲಿ ಡಾಕ್ಟರಿಗೋ ಯಂತ್ರಕ್ಕೋ ತೀರಾ ಬರ ಇದೆ ಎಂದು ನನಗನಿಸಲಿಲ್ಲ. ಬೆಳಗಾವಿ, ಕೊಲ್ಹಾಪುರ, ಮಿರಜ ಮೂರರಲ್ಲೂ ವೈದ್ಯಕೀಯ ಶಿಕ್ಷಣದ ಆಸ್ಪತ್ರೆಗಳಿವೆ. ಕಡಿಮೆ ಇರುವುದು ಕಾಗದ. ಹರಳಿನ ವರದಿ ಒಂದೂರಲ್ಲಿ, ಎಲುಬಿನ ಎಕ್ಸ್-ರೇ ಇನ್ನೊಂದೂರಲ್ಲಿ, ಕ್ಯಾಲ್ಸಿಯಂ ಮರಾಠಿ ಕಡತದಲ್ಲಿ, ಬಯಾಪ್ಸಿ ಕನ್ನಡದ ಕಡತದಲ್ಲಿ. ಹೊಳೆಗೆ ಹೋದವು ಹೋದವು.

ಆದ್ದರಿಂದ ಓದುಗರಿಗೆ ನನ್ನ ಬಿನ್ನಹ ಇಷ್ಟೇ. ಮನೆಯಲ್ಲಿ ಯಾರಿಗಾದರೂ ಹರಳು ಎರಡನೆಯ ಸಲ ಬಂದರೆ, ಸಣ್ಣ ಪೆಟ್ಟಿಗೆ ಎಲುಬು ಮುರಿದರೆ, ದವಡೆಯಲ್ಲಿ ಕಾರಣ ತಿಳಿಯದ ಗಂಟು ಎದ್ದರೆ, ರಕ್ತದ ಕ್ಯಾಲ್ಸಿಯಂ ನೋಡಿದ್ದೀರಾ ಎಂದು ಡಾಕ್ಟರನ್ನು ಕೇಳಿ. ಏರಿದ್ದರೆ ಪಿಟಿಎಚ್ ಕೇಳಿ. ಬಯಾಪ್ಸಿಯ ಚೀಟಿಯ ಮೇಲೆ ಆ ಎರಡು ಅಂಕಿ ಬರೆಸಿ. ಎಲ್ಲ ವರದಿಗಳ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಮಗಳ ಮೊಬೈಲಿಗೂ ಕಳಿಸಿ. ಲ್ಯಾಬಿನಲ್ಲಿರುವ ಮೇಣದ ಅಚ್ಚು ಮತ್ತು ಸ್ಲೈಡನ್ನು ಎರಡನೆಯ ಅಭಿಪ್ರಾಯಕ್ಕೆಂದು ರಶೀದಿ ಕೊಟ್ಟು ಕೇಳಿ ಪಡೆಯಬಹುದು.